ನೀಲಿ ಬಣ್ಣದ್ದು

ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಕುಕ್ಕರಿನ ಬಿಡಿಭಾಗಗಳ ಅಂಗಡಿ ಇಟ್ಟಿದ್ದ ಆ ಹೆಂಗಸನ್ನು ಸುತ್ತಮುತ್ತಲಿನವರೆಲ್ಲ ಮುಚ್ಚಳದಮ್ಮ ಎಂದೇ ಕರೆಯುತ್ತಿದ್ದರು. ಎದುರಿಗೆ ಹಾಗೆ ಕರೆಯುವ ಧೈರ್ಯ ಯಾರಿಗೂ ಇರಲಿಲ್ಲ, ಎಲ್ಲ ಬೆನ್ನ ಹಿಂದೆ. ಹೆಸರು ಸುಮ್ಮನೆ ಬಂದದ್ದೂ ಅಲ್ಲ. ಯಾರೇ ಬಂದು "ಒಂದು ಗ್ಯಾಸ್ಕೆಟ್ ಕೊಡಿ" ಎಂದರೆ ಸಾಕು, ಆಕೆ ಕೈಯಲ್ಲಿದ್ದ ಕೆಲಸ ಬಿಟ್ಟು, ಕನ್ನಡಕದ ಮೇಲಿಂದ ಬಂದವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಮುಚ್ಚಳ ಎಲ್ಲಿ?" ಎನ್ನುತ್ತಿದ್ದಳು.

"ಮುಚ್ಚಳ ತಂದಿಲ್ಲ. ಮೂರು ಲೀಟರಿಂದು."

"ಮೂರು ಲೀಟರಲ್ಲಿ ಎಷ್ಟು ಜಾತಿ ಇದೆ ಗೊತ್ತಾ ನಿಮಗೆ? ಮುಚ್ಚಳ ಒಳಗೆ ಕೂರೋದಾ, ಹೊರಗೆ ಕೂರೋದಾ? ಹೊಟ್ಟೆ ಉಬ್ಬಿರೋದಾ, ನೆಟ್ಟಗಿರೋದಾ? ಹಳೇ ಅಚ್ಚಾ, ಹೊಸ ಅಚ್ಚಾ?"

"ಅದೇ, ಸಾಮಾನ್ಯವಾಗಿ ಇರುತ್ತಲ್ಲಮ್ಮ, ಅದು."

"ಸಾಮಾನ್ಯವಾಗಿ ಇರೋದು ನನ್ನ ಅಂಗಡೀಲಿಲ್ಲ. ಹೋಗಿ, ಮುಚ್ಚಳ ತಗೊಂಡು ಬನ್ನಿ."

ಬಿಸಿಲಲ್ಲಿ ಬೆವರು ಸುರಿಸಿಕೊಂಡು ಬಂದವರು ಗೊಣಗುತ್ತಾ ವಾಪಸು ಹೋಗುತ್ತಿದ್ದರು. ಅರ್ಧ ಗಂಟೆಯ ಮೇಲೆ ಮುಚ್ಚಳವನ್ನು ಕಂಕುಳಲ್ಲಿ ಇಟ್ಟುಕೊಂಡು ಬರುತ್ತಿದ್ದರು. ಮುಚ್ಚಳದಮ್ಮ ಅದನ್ನು ತಿರುಗಿಸಿ ನೋಡಿ, ಗೋಡೆಯ ಮೇಲೆ ತೂಗುಹಾಕಿದ್ದ ನೂರಾರು ರಬ್ಬರ್ ಬಳೆಗಳಲ್ಲಿ ಒಂದನ್ನು ಕಿತ್ತು ಕೂರಿಸಿದರೆ ಅದು ಅಲ್ಲೇ ಹುಟ್ಟಿದ ಹಾಗೆ ಕೂರುತ್ತಿತ್ತು. ಇಪ್ಪತ್ತಾರು ವರ್ಷಗಳಲ್ಲಿ ಆಕೆ ಕೊಟ್ಟ ಒಂದು ಗ್ಯಾಸ್ಕೆಟ್ಟೂ ಸರಿಹೋಗಲಿಲ್ಲವೆಂದು ವಾಪಸು ಬಂದಿರಲಿಲ್ಲ. ಆ ಮಾತನ್ನು ದಿನಕ್ಕೊಮ್ಮೆಯಾದರೂ ಯಾರಿಗಾದರೂ ಹೇಳದಿದ್ದರೆ ಆಕೆಗೆ ತಿಂದದ್ದು ಅರಗುತ್ತಿರಲಿಲ್ಲ.

ಇಂಥ ಹೆಂಗಸು ಒಂದು ಮಂಗಳವಾರ ಮಧ್ಯಾಹ್ನ, ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತು ನೋಡಿ, ಫೋನಿನಲ್ಲಿ ಒಂದು ಗುಂಪಿಗೆ ಹೀಗೆ ಬರೆದಳು: "ನನ್ನ ಬೋರ್ಡು ಸರಿಯಾಗಿ ಕೆಲಸ ಮಾಡ್ತಿಲ್ಲ. ಏನು ಮಾಡಬೇಕು? ಅರ್ಜೆಂಟ್."

ಅಷ್ಟೇ. ಯಾವ ಬೋರ್ಡು, ಏನು ಕೆಲಸ, ಸರಿಯಾಗಿ ಅಂದರೆ ಹೇಗೆ, ಒಂದಕ್ಷರ ಇಲ್ಲ.

ಅರ್ಜೆಂಟು ಮಾತ್ರ ನಿಜವಾಗಿ ಇತ್ತು. ಆಕೆಯ ಜೊತೆಗೆ ಆಕೆಯ ಅಕ್ಕ ಇದ್ದಳು, ಮನೆಯಲ್ಲಿ ಇಬ್ಬರೇ. ಅಕ್ಕ ಮೂವತ್ತು ವರ್ಷ ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ಇನ್ನೂರು ಜನಕ್ಕೆ ಅಡುಗೆ ಮಾಡಿ ಹಾಕಿದವಳು. ಈಗ ಅರವತ್ತೆಂಟು ವಯಸ್ಸು, ಕೈಕಾಲು ಗಟ್ಟಿ, ಬಾಯಿ ಅದಕ್ಕಿಂತ ಗಟ್ಟಿ, ಕಿವಿ ಮಾತ್ರ ಕೈಕೊಟ್ಟಿತ್ತು. ಕಿವಿಯ ಯಂತ್ರವೇನೋ ಇತ್ತು. ಆದರೆ ಅಡುಗೆಮನೆಯಲ್ಲಿ ಅದನ್ನು ಹಾಕಿಕೊಂಡರೆ ಒಂದು ಚಮಚ ಬಿದ್ದರೂ ತಲೆಯೊಳಗೇ ಬಿದ್ದ ಹಾಗಾಗುತ್ತದೆ ಎಂದು ಬಿಚ್ಚಿ ಕಿಟಕಿಯ ಮೇಲಿಡುತ್ತಿದ್ದಳು. ಈಚಿನ ಮೂರು ತಿಂಗಳಲ್ಲಿ ಎರಡು ಸಲ ಕುಕ್ಕರ್ ಸೀದುಹೋಗಿತ್ತು. ಎರಡನೇ ಸಲ ಹೊಗೆ ಮೇಲಿನ ಮನೆಯವರೆಗೆ ಹೋಗಿ, ಅವರು ಬಂದು ಬಾಗಿಲು ಬಡಿದು, ಅಕ್ಕನಿಗೆ ಅದೂ ಕೇಳಿಸದೆ, ಕೊನೆಗೆ ಚಿಲಕ ಮುರಿದು ಒಳಗೆ ನುಗ್ಗಿದ್ದರು. ಅಕ್ಕ ಹಿಂದಿನ ಕೋಣೆಯಲ್ಲಿ ನೆಮ್ಮದಿಯಾಗಿ ಬಟ್ಟೆ ಮಡಿಸುತ್ತಿದ್ದಳು.

ಅಕ್ಕನಿಗೆ ಒಬ್ಬಳೇ ಮಗಳು, ಆಸ್ಪತ್ರೆಯಲ್ಲಿ ನರ್ಸು. ಅವಳು ಮುರಿದ ಚಿಲಕವನ್ನು ಕೈಯಲ್ಲಿ ಹಿಡಿದುಕೊಂಡೇ ಮಾತಾಡಿದಳು.

"ಸಾಕಮ್ಮ. ನನ್ನ ಜೊತೆ ಬಂದುಬಿಡು. ನಮ್ಮನೇಲಿ ಅಡುಗೆಗೆ ಜನ ಇದ್ದಾರೆ. ನೀನು ಆರಾಮಾಗಿ ಕೂತ್ಕೊಂಡಿರು."

"ನಾನು ಕೂತ್ಕೊಳ್ಳಲ್ಲ," ಎಂದಳು ಅಕ್ಕ.

"ಚಿಕ್ಕಮ್ಮಾ, ನೀವಾದ್ರೂ ಹೇಳಿ. ನೀವು ಬೆಳಿಗ್ಗೆ ಡಬ್ಬಿ ಕಟ್ಕೊಂಡು ಅಂಗಡಿಗೆ ಹೋದ್ರೆ ಬರೋದು ಸಂಜೆ. ಇವಳು ಇಡೀ ದಿನ ಒಬ್ಬಳೇ, ಒಲೆ ಜೊತೆ. ಅಮ್ಮನ ಕೈಲಿ ಇನ್ನು ಅಡುಗೆ ಆಗಲ್ಲ."

ಮುಚ್ಚಳದಮ್ಮ ಬಾಯಿ ತೆರೆಯುವ ಮೊದಲೇ ತೀರ್ಪೂ ಬಂತು: ಬರುವ ಭಾನುವಾರ ಬಿಟ್ಟು ಅದರ ಮುಂದಿನ ಭಾನುವಾರ ಮಗಳು ಮತ್ತೆ ಬರುತ್ತಾಳೆ. ಅವಳ ಎದುರಿಗೆ ಅಮ್ಮ ಒಬ್ಬಳೇ, ಯಾರ ಸಹಾಯವೂ ಇಲ್ಲದೆ, ಕುಕ್ಕರಿನಲ್ಲೇ ಅಡುಗೆ ಮಾಡಿ ತೋರಿಸಬೇಕು. ಆದರೆ ಸರಿ, ಆಗದಿದ್ದರೆ ಅವತ್ತೇ ಪೆಟ್ಟಿಗೆ ಕಟ್ಟುವುದು. ಅಕ್ಕ ಒಪ್ಪಿದಳು. ಅವಳಿಗೆ ಭಯವಾಗಿತ್ತು, ಅದು ಮುಚ್ಚಳದಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಅಕ್ಕನಿಲ್ಲದ ಮನೆಯನ್ನು ನೆನೆದರೆ ಅವಳಿಗೂ ಭಯವೇ ಆಗುತ್ತಿತ್ತು.

ಬೋರ್ಡಿನ ಕಥೆ ಶುರುವಾದದ್ದು ಇಲ್ಲಿಂದ. ಸಾರ್ವಜನಿಕ ಗ್ರಂಥಾಲಯದಲ್ಲಿ ಶನಿವಾರ ಸಂಜೆ ಮೈಕ್ರೋಕಂಟ್ರೋಲರ್ ತರಗತಿ ನಡೆಯುತ್ತಿತ್ತು, ಏನೂ ಬಾರದವರಿಗಾಗಿ. ಮುಚ್ಚಳದಮ್ಮ ಒಂದು ಗೋಡೆ ಪತ್ರ ನೋಡಿ ಕುತೂಹಲಕ್ಕೆ ಸೇರಿದ್ದಳು. ಬೆರಳುದ್ದದ ಒಂದು ಹಲಗೆ, ಅದರ ಮೇಲೊಂದು ಕರಿ ಚಿಪ್. ಕಂಪ್ಯೂಟರಿನಿಂದ ಅದರೊಳಗೆ ನಾಲ್ಕು ಸಾಲು ಬರೆದು ತುಂಬಿದರೆ, ಹೇಳಿದ್ದನ್ನು ಹೇಳಿದ ಹಾಗೆ ಮಾಡುತ್ತದೆ, ಎದುರು ಮಾತಾಡುವುದಿಲ್ಲ. ಅಂಥವರು ಮನೆಯಲ್ಲಾಗಲಿ ಮಾರುಕಟ್ಟೆಯಲ್ಲಾಗಲಿ ಒಬ್ಬರೂ ಇಲ್ಲದ್ದರಿಂದ ಆಕೆಗೆ ಅದು ಬಹಳ ಹಿಡಿಸಿತು. ಚಿಲಕ ಮುರಿದ ವಾರವೇ ಆಕೆ ಒಂದು ಯಂತ್ರ ಕಟ್ಟಿದಳು. ಒಂದು ಸಣ್ಣ ಮೈಕು, ಮೂರು ಕೆಂಪು ದೀಪ. ಕುಕ್ಕರ್ ಒಂದು ಸಲ ಕೂಗಿದರೆ ಒಂದು ದೀಪ, ಎರಡು ಸಲಕ್ಕೆ ಎರಡು, ಮೂರಕ್ಕೆ ಮೂರೂ ಹತ್ತಿ ಮಿಟುಕಬೇಕು. ತಟ್ಟೆ ಬಿದ್ದ ಸದ್ದು, ಬಾಗಿಲು ಬಡಿದ ಸದ್ದು ಲೆಕ್ಕಕ್ಕೆ ಬರಬಾರದೆಂದು, ಜೋರು ಸದ್ದು ಎರಡು ಸೆಕೆಂಡು ಒಂದೇ ಸಮನೆ ಬಂದರೆ ಮಾತ್ರ ಅದನ್ನು ಕೂಗು ಎಂದು ತಿಳಿ ಎಂದು ಬರೆದಿದ್ದಳು. ಅವರ ಮನೆಯ ಕುಕ್ಕರ್ ಕೂಗುವುದು ಮೂರು ಸೆಕೆಂಡು. ಎಲ್ಲ ಲೆಕ್ಕ ಹಾಕಿಯೇ ಮಾಡಿದ್ದು.

ಮೊದಲ ದಿನ ಯಂತ್ರ ಚಿನ್ನದಂತೆ ಓಡಿತು. ಎರಡನೇ ದಿನ, ಡಬ್ಬಿಯೊಳಗೆ ಜೋಡಿಸುವಾಗ ಖುಷಿಯ ಭರದಲ್ಲಿ ತಂತಿಗಳನ್ನು ಅದಲುಬದಲು ಮಾಡಿ ಕರೆಂಟು ಕೊಟ್ಟಳು. ಸಣ್ಣಗೆ ಹೊಗೆ ಬಂತು, ಬೋರ್ಡು ಕಣ್ಣುಮುಚ್ಚಿತು.

ಪಕ್ಕದ ಅಂಗಡಿಯಲ್ಲಿ ಮೊಬೈಲ್ ರಿಪೇರಿಯವನೊಬ್ಬ ಇದ್ದ. ಒಳ್ಳೆಯ ಮನುಷ್ಯ, ಏನು ಕೇಳಿದರೂ ಇಲ್ಲ ಎನ್ನುವವನಲ್ಲ, ಅದೇ ಅವನಲ್ಲಿದ್ದ ದೋಷ. ಸತ್ತ ಬೋರ್ಡನ್ನು ನೋಡಿ ತನ್ನ ಡ್ರಾಯರಿನಲ್ಲಿ ಕೈಯಾಡಿಸಿ ಇನ್ನೊಂದನ್ನು ತೆಗೆದ.

"ತಗೊಳ್ಳಿ ಆಂಟಿ, ಅದೇ ಇದು."

"ಅದೇನಾ?"

"ಪಕ್ಕಪಕ್ಕ ಇಟ್ಟು ನೋಡಿ ಬೇಕಾದ್ರೆ. ಎಲ್ಲಾ ಒಂದೇ."

ಮುಚ್ಚಳದಮ್ಮ ಪಕ್ಕಪಕ್ಕ ಇಟ್ಟು ನೋಡಿದಳು. ಅದೇ ಉದ್ದ, ಅದೇ ಅಗಲ, ಅಷ್ಟೇ ತೂತು, ಅದೇ ನೀಲಿ. ಗ್ಯಾಸ್ಕೆಟ್ಟಿನ ವಿಷಯದಲ್ಲಿ ಯಾರಾದರೂ "ನೋಡೋಕೆ ಒಂದೇ ಥರ ಇದೆ" ಎಂದಿದ್ದರೆ ಆಕೆ ಅವರ ಚಳಿ ಬಿಡಿಸುತ್ತಿದ್ದಳು. ಇಲ್ಲಿ ಮಾತ್ರ ತಲೆಯಾಡಿಸಿ ಮನೆಗೆ ಬಂದಳು. ಹಳೆಯ ಬೋರ್ಡಿಗೆ ತುಂಬಿದ್ದನ್ನೇ ಇದಕ್ಕೂ ತುಂಬಿದಳು. ಕಂಪ್ಯೂಟರು ತಕರಾರಿಲ್ಲದೆ "ಮುಗಿಯಿತು" ಎಂದಿತು. ಆಮೇಲೆ ಆಕೆ ತನ್ನ ಕಸುಬಿನ ಬುದ್ಧಿಯನ್ನೆಲ್ಲ ಖರ್ಚುಮಾಡಿ, ಆವಿ ತಾಗಬಾರದೆಂದು ಇಡೀ ಬೋರ್ಡಿಗೆ ಬಿಳಿ ರಬ್ಬರ್ ಅಂಟನ್ನು ಬೆಣ್ಣೆಯ ಹಾಗೆ ಬಳಿದಳು. ಒಂದಕ್ಷರ, ಒಂದಂಕಿ ಹೊರಗೆ ಕಾಣದ ಹಾಗೆ ಬಳಿದಳು. ನೀಲಿ ಅಂಚೊಂದು ಮಾತ್ರ ಹೊರಗುಳಿಯಿತು.

ಅಂದು ಸಂಜೆ ದೊಡ್ಡ ಕುಕ್ಕರ್ ಐದು ಸಲ ಕೂಗಿದರೂ ಯಂತ್ರ, ಉದ್ದಕ್ಕೆ ಎಳೆದ ಕೊನೆಯ ಕೂಗೊಂದನ್ನು ಮಾತ್ರ ಎಣಿಸಿತು. ಮರುದಿನ ಒಂದನ್ನೂ ಎಣಿಸಲಿಲ್ಲ. ಆಗ ಬರೆದದ್ದು ಆ ಅರ್ಜೆಂಟ್ ಪ್ರಶ್ನೆ.

ಗುಂಪಿನಲ್ಲಿ ಸಾವಿರಾರು ಜನ. ಐದು ನಿಮಿಷದಲ್ಲಿ ಉತ್ತರಗಳು ಸುರಿದವು. ವೈರ್ ಬದಲಾಯಿಸಿ ಎಂದ ಒಬ್ಬ. ಚಾರ್ಜರ್ ಬದಲಾಯಿಸಿ ಎಂದ ಇನ್ನೊಬ್ಬ. ಮೈಕಿನ ಸ್ಕ್ರೂ ತಿರುಗಿಸಿ ಎಂದ ಮತ್ತೊಬ್ಬ, ಯಾವ ಕಡೆಗೆ ಎಂದು ಹೇಳಲಿಲ್ಲ. ಎಲ್ಲಕ್ಕಿಂತ ಕೊನೆಗೆ, ತನ್ನನ್ನು "ಹಳೇ ಟ್ರಾನ್ಸಿಸ್ಟರ್" ಎಂದು ಕರೆದುಕೊಳ್ಳುತ್ತಿದ್ದ ಯಾರೋ ಒಬ್ಬರು ಎರಡೇ ಪದ ಬರೆದರು.

"ಯಾವ ಬೋರ್ಡು?"

"ನೀಲಿ ಬಣ್ಣದ್ದು," ಎಂದು ಬರೆದಳು ಮುಚ್ಚಳದಮ್ಮ.

ಏಳೆಂಟು ಜನ ನಗುವ ಮುಖ ಹಾಕಿದರು. ಒಬ್ಬ "ನಂದು ಹಸಿರು, ಸೂಪರಾಗಿ ಓಡುತ್ತೆ ಗುರೂ" ಎಂದು ಬರೆದ. ಅವಳಿಗೆ ಮೈಯೆಲ್ಲ ಉರಿಯಿತು. ಆ ಉರಿಯಲ್ಲೇ ವೈರ್ ಬದಲಾಯಿಸಿದಳು, ಚಾರ್ಜರ್ ಬದಲಾಯಿಸಿದಳು, ಸ್ಕ್ರೂವನ್ನು ಎರಡೂ ಕಡೆಗೆ ತಿರುಗಿಸಿದಳು. ಬುಧವಾರ ಪೂರ್ತಿ ಅದರಲ್ಲೇ ಕಳೆಯಿತು. ಗುರುವಾರ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವಾಗ ಹಳೇ ಟ್ರಾನ್ಸಿಸ್ಟರ್ ಮತ್ತೆ ಬರೆದಿದ್ದರು.

"ನೀಲಿ ಬೋರ್ಡು ನೂರು ಥರ ಇವೆ. ಚಿಪ್ ಯಾವುದು? ಎಷ್ಟು ವೋಲ್ಟಿಂದು? ಅದರೊಳಗಿನ ಗಡಿಯಾರದ ವೇಗ ಎಂಟು ಮೆಗಾಹರ್ಟ್ಸಾ, ಹದಿನಾರಾ? ನೀವು ಏನು ಮಾಡಿದ್ರಿ, ಏನಾಗಬೇಕಿತ್ತು, ಏನಾಯ್ತು? ಇಷ್ಟು ಹೇಳದೇ ಇದ್ರೆ ನಾನು ಕವಡೆ ಹಾಕಿ ನೋಡಬೇಕಾಗುತ್ತೆ."

ಮುಚ್ಚಳದಮ್ಮನ ಮೂಗಿನ ತುದಿ ಕೆಂಪಾಯಿತು. ಅಲ್ಲ, ಸಹಾಯ ಮಾಡೋಕೆ ಕೂತವರಿಗೆ ಇಷ್ಟು ಜಂಬ ಯಾಕೆ? ಗೊತ್ತಿದ್ದರೆ ಹೇಳಬೇಕು, ಇಲ್ಲದಿದ್ದರೆ ಸುಮ್ಮನಿರಬೇಕು. ಆಕೆ ಟಪಟಪ ಒತ್ತಿದಳು: "ಸಾಮಾನ್ಯವಾಗಿ ಸಿಗುತ್ತಲ್ಲ ಸ್ವಾಮಿ, ಅದೇ ಬೋರ್ಡು."

ಕಳಿಸಿದಳು. ಕಳಿಸಿದ ಮೇಲೆ ಓದಿದಳು. ಇನ್ನೊಂದು ಸಲ ಓದಿದಳು.

ಅಷ್ಟರಲ್ಲಿ ಗಿರಾಕಿಯೊಬ್ಬ ಬಂದು, "ಅಮ್ಮಾ, ಒಂದು ಗ್ಯಾಸ್ಕೆಟ್" ಎಂದ. ಬರಿಗೈ. ಅವಳ ಬಾಯಲ್ಲಿ "ಮುಚ್ಚಳ" ಎಂಬ ಪದ ಅರ್ಧ ಬಂದು ಅಲ್ಲೇ ನಿಂತಿತು. ಸ್ಟೂಲು ಎಳೆದು, "ಕೂತ್ಕೊಳ್ಳಿ, ನೀರು ಬೇಕಾ? ನಿಮ್ಮ ಕುಕ್ಕರ್ ನೋಡೋಕೆ ಹೇಗಿದೆ, ನಿಧಾನವಾಗಿ ಹೇಳಿ" ಎಂದಳು. ಆ ಮನುಷ್ಯ ಹತ್ತು ವರ್ಷದ ಗಿರಾಕಿ. ಅವಳ ಮುಖವನ್ನೇ ದಿಟ್ಟಿಸಿ ನೋಡಿ, "ಮೈಗೆ ಹುಷಾರಿಲ್ವಾ ಅಮ್ಮಾ?" ಎಂದು ಕೇಳಿ, ನಾಳೆ ಬರುತ್ತೇನೆಂದು ಹೊರಟುಹೋದ.

ಮುಚ್ಚಳದಮ್ಮ ಡಬ್ಬಿ ತೆರೆದಳು. ತಾನೇ ಬಳಿದ ರಬ್ಬರನ್ನು ಹಲ್ಲುಕಡ್ಡಿಯಿಂದ ಒಂದೊಂದೇ ಚೂರು ಕಿತ್ತಳು. ಕುಕ್ಕರಿನ ವಾಲ್ವಿನ ನಂಬರು ಓದುವ ಭೂತಗನ್ನಡಿಯನ್ನು ಕಣ್ಣಿಗೆ ಹಿಡಿದು, ಚಿಪ್ಪಿನ ಮೇಲಿನ ಅಕ್ಷರಗಳನ್ನೂ, ಪಕ್ಕದಲ್ಲಿದ್ದ ಅಕ್ಕಿಕಾಳಿನಷ್ಟು ಬೆಳ್ಳಿ ತುಣುಕಿನ ಮೇಲಿನ ಅಂಕಿಯನ್ನೂ ಓದಿ, ಎರಡು ಸೆಕೆಂಡಿನ ಲೆಕ್ಕ, ಕುಕ್ಕರಿನ ಮೂರು ಸೆಕೆಂಡಿನ ಕೂಗು ಎಲ್ಲ ಸೇರಿಸಿ, ಇದ್ದದ್ದು ಇದ್ದ ಹಾಗೆ ಬರೆದಳು. ಬೆಳ್ಳಿ ತುಣುಕಿನ ಮೇಲೆ ಎಂಟು ಎಂದಿತ್ತು. ಸತ್ತ ಬೋರ್ಡಿನ ಮೇಲೆ ಹದಿನಾರು ಎಂದಿತ್ತು.

ಉತ್ತರ ಕೂಡಲೇ ಬಂತು. "ಒಂದು ದೀಪ ಒಂದು ಸೆಕೆಂಡು ಉರಿಯೋ ಹಾಗೆ ಬರೆದು ನೋಡಿ. ಕೈಗಡಿಯಾರ ಹಿಡ್ಕೊಂಡು ಅಳೀರಿ."

ಅಳೆದಳು. ಎರಡು ಸೆಕೆಂಡು ಉರಿಯಿತು.

"ಅಲ್ಲಿಗೆ ಸಿಕ್ಕಿಬಿತ್ತು," ಎಂದು ಬರೆದರು ಹಳೇ ಟ್ರಾನ್ಸಿಸ್ಟರ್. "ನಿಮ್ಮ ಹೊಸ ಬೋರ್ಡು ಎಂಟರದು. ನೀವು ಕಂಪ್ಯೂಟರಲ್ಲಿ ಹದಿನಾರರದು ಅಂತ ಆರಿಸಿದ್ದೀರಿ. ಅದು ಅರ್ಧ ವೇಗದಲ್ಲಿ ನಡೀತಿದೆ. ನೀವು ಎರಡು ಸೆಕೆಂಡು ಅಂದ್ರೆ ಅದು ನಾಲ್ಕು ಸೆಕೆಂಡು ಕಾಯುತ್ತೆ. ನಿಮ್ಮ ಕುಕ್ಕರ್ ಕೂಗೋದು ಮೂರೇ ಸೆಕೆಂಡು. ಪಾಪ, ಅದು ಕೂಗು ಅಂತ ಒಪ್ಪೋಷ್ಟರಲ್ಲಿ ಕೂಗೇ ಮುಗಿದಿರುತ್ತೆ. ಪಟ್ಟಿಯಲ್ಲಿ ಎಂಟು ಅಂತ ಆರಿಸಿ ಮತ್ತೆ ತುಂಬಿ."

ಒಂದು ಪಟ್ಟಿ, ಅದರಲ್ಲಿ ಒಂದು ಸಾಲು. ಆಕೆ ಆರಿಸಿದಳು, ತುಂಬಿದಳು. ಶುಕ್ರವಾರ ಸಂಜೆ ದೊಡ್ಡ ಕುಕ್ಕರ್ ಮೂರು ಸಲ ಕೂಗಿತು, ಮೂರು ದೀಪವೂ ಒಂದಾದ ಮೇಲೊಂದು ಹತ್ತಿದವು. ಅಕ್ಕ ದೀಪ ನೋಡಿ ಒಲೆ ಆರಿಸಿದಳು. ಮುಚ್ಚಳದಮ್ಮ ಐವತ್ತಾರನೆಯ ವಯಸ್ಸಿನಲ್ಲಿ ಅಡುಗೆಮನೆಯಲ್ಲೇ ಒಂದು ಸುತ್ತು ಕುಣಿದಳು, ಅಕ್ಕ ಸೌಟಿನಿಂದ ತಾಳ ಹಾಕಿದಳು.

"ನಾಳೆ ಮಧ್ಯಾಹ್ನ ನಾನಿಲ್ಲದಾಗ ಒಬ್ಬಳೇ ಒಂದ್ಸಲ ಮಾಡಿ ನೋಡಕ್ಕಾ," ಎಂದಳು, ಅಕ್ಕನಿಗೆ ತುಟಿ ಕಾಣುವ ಹಾಗೆ ಎದುರಿಗೆ ನಿಂತು. "ಭಾನುವಾರದ್ದಕ್ಕೆ ಅಭ್ಯಾಸ ಆಗುತ್ತೆ."

ಶನಿವಾರ ಸಂಜೆ ಮನೆಗೆ ಬಂದಾಗ ಬಾಗಿಲಲ್ಲೇ ಸೀದ ವಾಸನೆ ಮೂಗಿಗೆ ಬಡಿಯಿತು. ಅಕ್ಕ ಅಡುಗೆಮನೆಯ ನೆಲದ ಮೇಲೆ ಕೂತಿದ್ದಳು. ಪಕ್ಕದಲ್ಲಿ ಬಟ್ಟೆಯ ಒಂದು ಗಂಟು, ಅರ್ಧ ಕಟ್ಟಿದ್ದು.

"ದೀಪ ಹತ್ತಲೇ ಇಲ್ಲ ಪುಟ್ಟೀ," ಎಂದಳು. ಈ ವಯಸ್ಸಿನಲ್ಲೂ ಮುಚ್ಚಳದಮ್ಮನನ್ನು ಪುಟ್ಟಿ ಎಂದು ಕರೆಯುವವಳು ಲೋಕದಲ್ಲಿ ಅವಳೊಬ್ಬಳೇ. "ಒಂದೂ ಹತ್ತಲಿಲ್ಲ. ಕಣ್ಣು ಮಿಟುಕಿಸದೆ ನೋಡ್ತಾ ನಿಂತಿದ್ದೆ. ಮುಕ್ಕಾಲು ಗಂಟೆ ಆದ್ಮೇಲೆ ವಾಸನೆ ಬಂತು, ಆರಿಸಿದೆ. ನಿನ್ನ ಯಂತ್ರಕ್ಕೂ ನನ್ನ ಕಿವಿ ಬಂದಿದೆ. ಬಿಡು, ಹೋಗ್ತೀನಿ ಅವಳ ಜೊತೆ."

"ಒಂದು ಗಂಟೆ ಕೊಡಕ್ಕಾ ನಂಗೆ," ಎಂದಳು ಮುಚ್ಚಳದಮ್ಮ. ಫೋನು ತೆಗೆದು, ಈ ಸಲ ಗೋಡೆಗೆ ಒರಗಿ ನಿಂತು ಯೋಚಿಸಿ ಯೋಚಿಸಿ ಬರೆದಳು. ಚಿಪ್ ಇಂಥದ್ದು, ವೋಲ್ಟ್ ಇಷ್ಟು, ಗಡಿಯಾರ ಎಂಟರದು, ಪಟ್ಟಿಯಲ್ಲೂ ಎಂಟೇ ಆರಿಸಿದ್ದೇನೆ, ಬರೆದ ಸಾಲುಗಳು ಇವು, ಮೈಕು ಒಲೆಯಿಂದ ಎರಡು ಮೊಳ ದೂರ. ಶುಕ್ರವಾರ ಸಂಜೆ ದೊಡ್ಡ ಕುಕ್ಕರಿನಲ್ಲಿ, ನಾನು ಮನೆಯಲ್ಲಿದ್ದಾಗ, ಮೂರು ಕೂಗಿಗೆ ಮೂರು ದೀಪ. ಶನಿವಾರ ಮಧ್ಯಾಹ್ನ ಸಣ್ಣ ಕುಕ್ಕರಿನಲ್ಲಿ, ನಮ್ಮಕ್ಕ ಒಬ್ಬಳೇ ಇದ್ದಾಗ, ಒಂದೂ ಇಲ್ಲ. ನಮ್ಮಕ್ಕನಿಗೆ ಕಿವಿ ಕೇಳುವುದಿಲ್ಲ. ಬೋರ್ಡಿನಲ್ಲಿ ಏನು ತಪ್ಪಿದೆ?

ಹಳೇ ಟ್ರಾನ್ಸಿಸ್ಟರ್ ಬರೆದರು: "ಇಷ್ಟು ಅಚ್ಚುಕಟ್ಟಾದ ಪ್ರಶ್ನೆ ನೋಡಿ ಎಷ್ಟು ವರ್ಷ ಆಗಿತ್ತು! ಬೋರ್ಡಿನ ಮೇಲೆ ನನಗೆ ಅನುಮಾನ ಇಲ್ಲ. ಒಂದೇ ಒಂದು ಕೇಳ್ತೀನಿ. ಸಣ್ಣ ಕುಕ್ಕರ್ ಕೂಗಿದ್ದನ್ನ ಕಿವಿ ಚೆನ್ನಾಗಿರೋರು ಯಾರಾದ್ರೂ ಕೇಳಿದ್ದಾರಾ?"

ಸಣ್ಣ ಕುಕ್ಕರ್ ಒಲೆಗೇರುವುದು ಮಧ್ಯಾಹ್ನ ಮಾತ್ರ, ಅಕ್ಕ ಒಬ್ಬಳಿಗೆ. ರಾತ್ರಿಯೂಟಕ್ಕೂ ಭಾನುವಾರಕ್ಕೂ ದೊಡ್ಡದು. ಆಕೆ ಫೋನು ಕೆಳಗಿಟ್ಟು ಅಕ್ಕನ ಎದುರಿಗೆ ಕುಕ್ಕರುಗಾಲಲ್ಲಿ ಕೂತಳು.

"ಅಕ್ಕಾ, ಮೊದಲನೇ ಸಲ ಸೀದದ್ದು ಯಾವ ಕುಕ್ಕರ್?"

"ಸಣ್ಣದು."

"ಚಿಲಕ ಮುರಿದ ದಿನ?"

"ಸಣ್ಣದೇ. ಯಾಕೆ?"

ಮೂರು ತಿಂಗಳು ಎಲ್ಲರೂ "ಕುಕ್ಕರ್ ಸೀದುಹೋಯ್ತು" ಎಂದು ಹೇಳಿದ್ದೇ ಹೇಳಿದ್ದು. ಮಗಳು ಹೇಳಿದ್ದಳು, ಮೇಲಿನ ಮನೆಯವರು ಹೇಳಿದ್ದರು, ಮುಚ್ಚಳದಮ್ಮನೂ ಹೇಳಿದ್ದಳು. ಯಾವ ಕುಕ್ಕರ್ ಎಂದು ಒಬ್ಬರೂ ಕೇಳಿರಲಿಲ್ಲ. ಕುಕ್ಕರೇ ಕಸುಬಾದವಳೂ ಕೇಳಿರಲಿಲ್ಲ.

ಆಕೆ ಸಣ್ಣ ಕುಕ್ಕರನ್ನು ತಿಕ್ಕಿ ತೊಳೆದು, ನೀರು ಹಾಕಿ, ಮುಚ್ಚಿ ಒಲೆಯ ಮೇಲಿಟ್ಟಳು. ಕಾದಳು. ಇಪ್ಪತ್ತು ನಿಮಿಷವಾದರೂ ಅದು ಕೂಗಲಿಲ್ಲ. ಹಿಡಿಯ ಪಕ್ಕದಲ್ಲಿ, ಬಗ್ಗಿ ನೋಡದಿದ್ದರೆ ಕಾಣದಂಥ ಜಾಗದಲ್ಲಿ, ಸುಯ್ಯೆಂದು ಆವಿ ಸೋರುತ್ತಿತ್ತು. ಒಲೆ ಆರಿಸಿ, ಆರಿದ ಮೇಲೆ ಮುಚ್ಚಳ ತೆಗೆದು ಗ್ಯಾಸ್ಕೆಟ್ ಕಿತ್ತು ಬೆಳಕಿಗೆ ಹಿಡಿದಳು. ಕೂದಲೆಳೆಯಷ್ಟು ದೊಡ್ಡದು. ಒಂದು ಕಡೆ ಸಣ್ಣಗೆ ಮಡಿಸಿಕೊಂಡಿತ್ತು. ಅದು ಮೂರು ಲೀಟರಿನದೇ, ಆದರೆ ಹೊಟ್ಟೆ ಉಬ್ಬಿದ ಜಾತಿಯದು. ಮನೆಯ ಸಣ್ಣ ಕುಕ್ಕರ್ ನೆಟ್ಟಗಿನ ಜಾತಿ.

ತಂದವಳು ಅವಳೇ. ಮೂರು ತಿಂಗಳ ಹಿಂದೆ, ಅಂಗಡಿ ಗುಡಿಸುವಾಗ ಡಬ್ಬಿಯ ತಳದಲ್ಲಿ ಚೀಟಿಯಿಲ್ಲದ ಒಂದು ಗ್ಯಾಸ್ಕೆಟ್ ಸಿಕ್ಕಿತ್ತು. ನೋಡಲು ಅದೇ ಥರ ಇತ್ತು. ಮನೆಗೆ ತಾನೇ, ಎಂದು ಚೀಲಕ್ಕೆ ಹಾಕಿಕೊಂಡು ಬಂದು, ಕೆಲಸದ ಗಡಿಬಿಡಿಯಲ್ಲಿ ಒತ್ತಿ ಕೂರಿಸಿ ಮರೆತುಬಿಟ್ಟಿದ್ದಳು.

ಭಾನುವಾರ ಬೆಳಿಗ್ಗೆ ಮಾರುಕಟ್ಟೆಯವರು ಒಂದು ದೃಶ್ಯ ಕಂಡರು. ಮುಚ್ಚಳದಮ್ಮ ಕಂಕುಳಲ್ಲಿ ಮುಚ್ಚಳ ಇಟ್ಟುಕೊಂಡು ತನ್ನದೇ ಅಂಗಡಿಗೆ ಬಂದಳು, ಬೀಗ ತೆಗೆದಳು, ಗೋಡೆಯಿಂದ ಒಂದು ಗ್ಯಾಸ್ಕೆಟ್ ಕಿತ್ತು ಮುಚ್ಚಳಕ್ಕೆ ಕೂರಿಸಿ ನೋಡಿದಳು, ಮತ್ತೆ ಬೀಗ ಹಾಕಿ ಹೊರಟಳು. ಮೊಬೈಲ್ ರಿಪೇರಿಯವನು "ಏನಾಂಟಿ, ಭಾನುವಾರ?" ಎಂದದ್ದಕ್ಕೆ ಮುಚ್ಚಳವನ್ನು ಇನ್ನಷ್ಟು ಅವುಚಿಕೊಂಡು ಮುಂದೆ ನಡೆದಳು.

ದಾರಿಯುದ್ದಕ್ಕೂ ಅವಳ ತಲೆಯಲ್ಲಿ ಓಡುತ್ತಿದ್ದದ್ದು ಒಂದೇ. ಗ್ಯಾಸ್ಕೆಟ್ ಬದಲಾಯಿಸಿಯಾಯಿತು. ಇನ್ನು ಸಣ್ಣ ಕುಕ್ಕರ್ ಕೂಗುತ್ತದೆ, ದೀಪ ಹತ್ತುತ್ತದೆ, ಅಕ್ಕ ಉಳಿಯುತ್ತಾಳೆ. ಹಳೆಯ ಗ್ಯಾಸ್ಕೆಟ್ಟಿನ ವಿಷಯ ಯಾರಿಗೂ ಗೊತ್ತಾಗಬೇಕಾದ ಅಗತ್ಯವೇನು? ಯಂತ್ರ ಕೆಟ್ಟಿತ್ತು, ಸರಿಮಾಡಿದೆ ಎಂದರಾಯಿತು. ಇಪ್ಪತ್ತಾರು ವರ್ಷದ ಮಾನ. ಮುಚ್ಚಳದಮ್ಮ ಆ ಕಿತ್ತ ಗ್ಯಾಸ್ಕೆಟ್ಟನ್ನು ಸೆರಗಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಮಗಳು ಹನ್ನೊಂದಕ್ಕೆ ಬಂದಳು, ಖಾಲಿ ಸೂಟ್‌ಕೇಸ್ ಸಮೇತ. ಅಡುಗೆಮನೆಯ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು, ಕೈಗಡಿಯಾರ ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡು, ಥೇಟ್ ಪರೀಕ್ಷೆಯ ಮೇಲ್ವಿಚಾರಕರ ಹಾಗೆ ಕೂತಳು. ಅಕ್ಕ ಯಾರ ಮುಖವನ್ನೂ ನೋಡದೆ ಬೇಳೆ ತೊಳೆದಳು, ನೀರು ಅಳೆದಳು, ಸಣ್ಣ ಕುಕ್ಕರಿಗೆ ಮುಚ್ಚಳ ಹಾಕಿದಳು. ಆಮೇಲೆ ಮೂವರೂ ಕುಕ್ಕರನ್ನೇ ನೋಡುತ್ತಾ ಕಾದರು.

ಕುಕ್ಕರ್ ಮನೆ ಹಾರಿಹೋಗುವ ಹಾಗೆ ಕೂಗಿತು. ಒಂದು ದೀಪ. ಸ್ವಲ್ಪ ಹೊತ್ತಿಗೆ ಎರಡು. ಮೂರನೆಯದು ಹತ್ತಿ 'ಮಿಟಿಮಿಟಿ' ಎನ್ನುತ್ತಿದ್ದ ಹಾಗೇ ಅಕ್ಕ ಕೈ ಚಾಚಿ ಒಲೆ ಆರಿಸಿದಳು. ಬೇಳೆ ಹೂವಿನ ಹಾಗೆ ಬೆಂದಿತ್ತು.

ಮಗಳು ಗಡಿಯಾರ ಕಟ್ಟಿಕೊಂಡು ನಕ್ಕಳು. "ಆಯ್ತಮ್ಮ, ಪಾಸು. ಚಿಕ್ಕಮ್ಮನ ಬುದ್ಧಿಯಿಂದ ಬಚಾವಾದೆ. ಆದ್ರೆ ಇನ್ನು ಯಂತ್ರ ಇಲ್ಲದೆ ಒಲೆ ಮುಟ್ಟೋದಿಲ್ಲ ಅಂತ ಮಾತು ಕೊಡು. ನಿನ್ನ ಕೈಲಿ ಒಂದು ಕುಕ್ಕರೂ ನೋಡ್ಕೊಳ್ಳೋಕಾಗಲ್ಲ ಅನ್ನೋದು ನಿನಗೇ ಗೊತ್ತು."

ಇನ್ನೂರು ಜನಕ್ಕೆ ಅಡುಗೆ ಮಾಡಿದವಳು ಸಣ್ಣ ಮಗುವಿನ ಹಾಗೆ ತಲೆ ತಗ್ಗಿಸಿ, "ಹೂಂ, ಗೊತ್ತು" ಎಂದಳು.

ಮುಚ್ಚಳದಮ್ಮನಿಗೆ ಅದನ್ನು ನೋಡಲಾಗಲಿಲ್ಲ. ಸೆರಗು ಬಿಚ್ಚಿ ಗ್ಯಾಸ್ಕೆಟ್ಟನ್ನು ಮೇಜಿನ ಮೇಲೆ ಹಾಕಿದಳು.

"ಅವಳಿಗೆ ಏನೂ ಗೊತ್ತಿಲ್ಲ. ನಾನು ಹೇಳ್ತೀನಿ ಕೇಳು. ಸೀದದ್ದು ಎರಡು ಸಲವೂ ಸಣ್ಣ ಕುಕ್ಕರ್. ಅದಕ್ಕೆ ಇದನ್ನ ಹಾಕಿದ್ದು ನಾನು. ಇದು ಅದರದ್ದಲ್ಲ. ಮುಚ್ಚಳ ಒಯ್ದು ನೋಡದೆ, ಕಣ್ಣಂದಾಜಲ್ಲಿ ತಂದು ಹಾಕ್ದೆ. ಆವತ್ತಿಂದ ಅದು ಒಂದ್ಸಲನೂ ಕೂಗಿಲ್ಲ. ಕಿವಿ ಸರಿ ಇರೋರು ಯಾರೇ ನಿಂತಿದ್ರೂ ಸೀಯ್ತಿತ್ತು. ತಪ್ಪು ಅವಳ ಕಿವೀದಲ್ಲ, ನಂದು."

ಅಕ್ಕನಿಗೆ ಅರ್ಧ ಮಾತ್ರ ತಿಳಿಯಿತು. ಕಿಟಕಿಯ ಮೇಲಿದ್ದ ಯಂತ್ರವನ್ನು ಕಿವಿಗೆ ಹಾಕಿಕೊಂಡು, "ಇನ್ನೊಂದ್ಸಲ ಹೇಳು" ಎಂದಳು. ಮುಚ್ಚಳದಮ್ಮ ಇನ್ನೊಮ್ಮೆ ಹೇಳಿದಳು. ಒಂದನೇ ಸಲಕ್ಕಿಂತ ಎರಡನೇ ಸಲ ಹೇಳುವುದು ಕಷ್ಟವಾಯಿತು.

ಅಕ್ಕ ಆ ರಬ್ಬರ್ ಬಳೆಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು.

"ಕೂಗೇ ಇರಲಿಲ್ವಾ ಅದು?"

"ಇಲ್ಲಕ್ಕಾ."

"ನಾನು ಎದುರಿಗೆ ನಿಂತು ನೋಡ್ತಿದ್ದೆ ಕಣೇ. ಕಿವಿ ಕೇಳ್ದಿದ್ರೂ ವಿಷಲ್ ಮೇಲೇಳೋದು ಕಾಣಬೇಕಲ್ಲ, ಕಾಣ್ತಿರಲಿಲ್ಲ. ಆವಿ ಏಳೋದು ಕಾಣ್ತಿರಲಿಲ್ಲ. ಕಿವಿ ಹೋಯ್ತು, ಈಗ ಕಣ್ಣೂ ಹೋಗ್ತಿದೆ ಅಂದ್ಕೊಂಡೆ. ಅದಕ್ಕೇ ಆಮೇಲೆ ಅಲ್ಲಿ ನಿಲ್ಲೋದೇ ಬಿಟ್ಟೆ, ಹೊತ್ತಿನ ಅಂದಾಜಲ್ಲಿ ಬಂದು ಆರಿಸ್ತಿದ್ದೆ, ಎರಡು ಸಲ ಅಂದಾಜು ತಪ್ಪಿತು. ಮೂರು ತಿಂಗಳಿಂದ ಯಾರಿಗೂ ಹೇಳಿಲ್ಲ. ಹೇಳಿದ್ರೆ ಒಲೆ ಕಿತ್ಕೋತೀರಿ ಅಂತ ಹೆದರಿಕೆ."

"ಕುಕ್ಕರ್ ಕೆಟ್ಟಿದೆ ಅಂತ ಒಂದ್ಸಲನೂ ಅನ್ನಿಸಲಿಲ್ವಾ ಅಮ್ಮಾ?" ಎಂದು ಕೇಳಿದಳು ಮಗಳು, ಅವಳ ದನಿಯಲ್ಲಿ ಈಗ ಮೇಲ್ವಿಚಾರಕಿ ಇರಲಿಲ್ಲ.

"ಹೇಗೆ ಅನ್ನಿಸುತ್ತೆ? ಪುಟ್ಟಿ ಕೈಯಾರೆ ಹಾಕಿದ ಗ್ಯಾಸ್ಕೆಟ್ಟು. ಅದರ ಮೇಲೆ ಅನುಮಾನ ಪಡೋದಕ್ಕಿಂತ ನನ್ನ ಕಣ್ಣಿನ ಮೇಲೆ ಅನುಮಾನ ಪಡೋದು ಸುಲಭ ಆಯ್ತು."

ಮುಚ್ಚಳದಮ್ಮ ಗೋಡೆಯ ಕಡೆಗೆ ತಿರುಗಿ ನಿಂತಳು. ಭುಜ ಅಲುಗುತ್ತಿತ್ತು. ಅಕ್ಕ ಅವಳ ಬೆನ್ನಿಗೆ ಒಂದು ಗುದ್ದು ಕೊಟ್ಟಳು, ನಿಜವಾಗಿಯೂ ನೋಯುವಂಥ ಗುದ್ದು, ಆಮೇಲೆ ಅದೇ ಕೈಯನ್ನು ಅಲ್ಲೇ ಇಟ್ಟುಕೊಂಡು ನಿಂತಳು. ಮಗಳು ಸೂಟ್‌ಕೇಸನ್ನು ಕಾಲಿನಿಂದ ಮೆಲ್ಲಗೆ ಬಾಗಿಲಾಚೆ ತಳ್ಳಿದಳು.

"ಅಳೋದಿದ್ರೆ ಊಟ ಆದ್ಮೇಲೆ ಅಳು," ಎಂದಳು ಅಕ್ಕ. ಮೂರು ತಟ್ಟೆ ತೆಗೆದು, ಬೇಳೆಗೆ ಒಗ್ಗರಣೆ ಕೊಟ್ಟು, ಹಾಸ್ಟೆಲ್ಲಿನ ಸಾಲಿನಲ್ಲಿ ನಿಂತ ಹುಡುಗಿಯರಿಗೆ ಬಡಿಸುವ ಹಾಗೆ ಯಾರಿಗೆ ಎಷ್ಟು ಬೇಕೆಂದು ಕೇಳದೆ ಬಡಿಸಿದಳು. ಮಗಳು ತಟ್ಟೆ ನೋಡಿ, ಇಷ್ಟೊಂದು ತಿನ್ನೋಕಾಗಲ್ಲ, ಬೆಳಿಗ್ಗೆ ತಿಂಡಿ ತಿಂದುಕೊಂಡೇ ಬಂದಿದ್ದೇನೆ ಎಂದು ಗೊಣಗಿದಳು.

"ಮುಂದಿನ ಭಾನುವಾರ ಬರೋವಾಗ," ಎಂದಳು ಅಕ್ಕ, ಇನ್ನೊಂದು ಸೌಟು ಹಾಕುತ್ತಾ, "ಹಸ್ಕೊಂಡು ಬಾ."